ಇಳಿಯುವ ಅರ್ಧ ಗಂಟೆ: ವಿಮಾನದಲ್ಲಿ ಕೂಸಿನ ಕಿವಿನೋವು, ದಾವಣಗೆರೆಯ ಒಂದು ಪ್ರಕರಣ ಅಧ್ಯಯನ

ತವರಿನಲ್ಲಿ ಐದು ತಿಂಗಳ ಬಾಣಂತನ ಮುಗಿಸಿ ದಾವಣಗೆರೆಯಿಂದ ದೆಹಲಿಗೆ, ಗಂಡ ಕೆಲಸದಲ್ಲಿರುವ ಊರಿಗೆ ಹೊರಟ ತಾಯಿ. ಮಡಿಲಲ್ಲಿ 6.4 ಕಿಲೋ ತೂಕದ ಹೆಣ್ಣು ಕೂಸು. ಬರೀ ಎದೆಹಾಲು, ಒಂದು ದಿನವೂ ಕಿವಿ ಸೋರಿದ್ದಿಲ್ಲ, ಜ್ವರ ಬಂದಿದ್ದು ಲಸಿಕೆ ಹಾಕಿಸಿದ ರಾತ್ರಿ ಮಾತ್ರ. ಇಂಥ ಗಟ್ಟಿಮುಟ್ಟಾದ ಮಗುವೂ ವಿಮಾನ ಇಳಿಯುವಾಗ ಕಿರುಚಿ ಕಿರುಚಿ ನೀಲಿಗಟ್ಟುವಷ್ಟು ಅಳುವುದು ಯಾಕೆ, ಅದನ್ನು ತಡೆಯಲು ಏನು ಮಾಡಬಹುದಿತ್ತು ಎಂಬುದೇ ಈ ಪ್ರಕರಣ. ನಮ್ಮ ಕಡೆಯ ಮನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸನ್ನಿವೇಶವನ್ನು ಒಂದೇ ಕೂಸಿನ ಮೂರು ಪ್ರಯಾಣಗಳಾಗಿ ಹೊಂದಿಸಿ ಬರೆದಿದ್ದೇವೆ. ಮೊದಲನೆಯದು ಕೆಟ್ಟಿತು, ಎರಡನೆಯದು ಸಲೀಸಾಯಿತು, ಮೂರನೆಯದೇ ನಿಜವಾದ ಪರೀಕ್ಷೆ.

ಮೊದಲ ಪ್ರಯಾಣ: ನವೆಂಬರ್, ಬೆಂಗಳೂರಿನಿಂದ ದೆಹಲಿ

ಬೆಳಿಗ್ಗೆ ದಾವಣಗೆರೆ ಬಿಟ್ಟು ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ದೇವನಹಳ್ಳಿಯ ವಿಮಾನ ನಿಲ್ದಾಣ ಸೇರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಹೊರಡುವ ಮುಂಚೆ ಅಜ್ಜಿ ಕೂಸಿನ ಎರಡೂ ಕಿವಿಗೆ ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟು, ಮೇಲೆ ಅರಳೆ ಇಟ್ಟು, ಕುಲಾವಿ ಕಟ್ಟಿ ಕಳಿಸಿದ್ದರು. "ಗಾಳಿ ಹೊಕ್ಕೀತು ಕಣವ್ವ, ಅರಳೆ ತೆಗೀಬ್ಯಾಡ" ಎಂದು ಎರಡು ಸಲ ಹೇಳಿದ್ದರು.

ವಿಮಾನ 5:45ಕ್ಕೆ ಮೇಲೇರಿತು. ಏರುವಾಗ ಹಾಲು ಕುಡಿಸಬೇಕು ಎಂದು ಯಾರೋ ಹೇಳಿದ್ದನ್ನು ನೆನಪಿಟ್ಟಿದ್ದ ತಾಯಿ 5:40ರಿಂದಲೇ ಎದೆಗೆ ಹಾಕಿಕೊಂಡರು. ಕೂಸು ಎರಡೂ ಕಡೆ ಹೊಟ್ಟೆ ತುಂಬ ಕುಡಿದು ಆರು ಗಂಟೆಗೆ ನಿದ್ದೆ ಹೋಯಿತು. ಎರಡು ಗಂಟೆ ಕಾಲ ಒಂದು ಸದ್ದಿಲ್ಲ. ಅಕ್ಕಪಕ್ಕದವರು "ಎಷ್ಟು ಒಳ್ಳೇ ಪಾಪು" ಎಂದರು.

7:55ಕ್ಕೆ ವಿಮಾನ ಕೆಳಗಿಳಿಯತೊಡಗಿತು. ತಾಯಿಗೆ ಅದು ಗೊತ್ತಾಗಲಿಲ್ಲ. ಸೀಟ್ ಬೆಲ್ಟ್ ಘೋಷಣೆ ಬಂದಾಗಲೂ ಮಲಗಿದ ಮಗುವನ್ನು ಎಬ್ಬಿಸುವುದು ಬೇಡ ಎನ್ನಿಸಿತು. 8:09ಕ್ಕೆ ಕೂಸು ಒಮ್ಮೆಲೇ ಬೆಚ್ಚಿಬಿದ್ದು ಎದ್ದು ಕಿರುಚಿತು. ಎದೆಗೆ ಹಾಕಿಕೊಂಡರೆ ಬಾಯಿ ತಿರುಗಿಸಿತು, ಬೆನ್ನು ಬಿಲ್ಲಿನಂತೆ ಬಗ್ಗಿಸಿತು, ಬಲಗಿವಿಯನ್ನು ಮುಷ್ಟಿಯಿಂದ ಉಜ್ಜಿತು. ಸಿಬ್ಬಂದಿಯೊಬ್ಬರು ಬಿಸಿನೀರಿನಲ್ಲಿ ಅದ್ದಿದ ಟಿಶ್ಯೂ ಪೇಪರನ್ನು ಎರಡು ಕಪ್ಪಿನ ತಳಕ್ಕೆ ತುರುಕಿ, ಕಿವಿಗಳಿಗೆ ಮುಚ್ಚಿ ಹಿಡಿಯಿರಿ ಎಂದು ತಂದುಕೊಟ್ಟರು. ಉಪಯೋಗವಾಗಲಿಲ್ಲ. 8:20ಕ್ಕೆ ಚಕ್ರ ನೆಲ ಮುಟ್ಟಿತು. ಅಳು ನಿಂತಿದ್ದು 8:40ಕ್ಕೆ. ಅಷ್ಟರಲ್ಲಿ ತಾಯಿಯೂ ಅತ್ತಿದ್ದರು.

ಮರುದಿನ ಬೆಳಿಗ್ಗೆ ಜ್ವರವಿಲ್ಲ, ಕಿವಿ ಸೋರಿಲ್ಲ, ಹಾಲು ಕುಡಿಯುವುದು ಎಂದಿನಂತೆ. ತಾಯಿ ಮಾಡಿದ್ದರಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ತಪ್ಪಿದ್ದು ಹೊತ್ತು ಮಾತ್ರ.

ಕಿವಿಯೊಳಗೆ ನಡೆದದ್ದು

ಕಿವಿತಮಟೆಯ ಹಿಂದೆ ಮಧ್ಯಕಿವಿ ಎಂಬ ಗಾಳಿ ತುಂಬಿದ ಪುಟ್ಟ ಕೋಣೆಯಿದೆ. ಅದಕ್ಕಿರುವ ಒಂದೇ ಬಾಗಿಲು ಮೂಗಿನ ಹಿಂಭಾಗಕ್ಕೆ ತೆರೆಯುವ ಯೂಸ್ಟೇಶಿಯನ್ ನಾಳ. ದೊಡ್ಡವರಲ್ಲಿ ಇದು ಸುಮಾರು 35 ಮಿಲಿಮೀಟರ್ ಉದ್ದ, 45 ಡಿಗ್ರಿ ಇಳಿಜಾರು. ಕೂಸಿನಲ್ಲಿ ಅದರ ಅರ್ಧದಷ್ಟೇ ಉದ್ದ, ಇಳಿಜಾರು ಬರೀ 10 ಡಿಗ್ರಿ ಆಸುಪಾಸು, ಗೋಡೆಗಳು ಮೆತ್ತಗೆ. ಈ ನಾಳ ಸದಾ ಮುಚ್ಚಿರುತ್ತದೆ. ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯು ಎಳೆದು ಅದನ್ನು ಕ್ಷಣಕಾಲ ತೆರೆಯುತ್ತದೆ. ಸೀಳಂಗುಳಿನ ಮಕ್ಕಳಿಗೆ ಈ ಸ್ನಾಯು ಸರಿಯಾಗಿ ಕೆಲಸ ಮಾಡುವುದಿಲ್ಲವಾದ್ದರಿಂದ ಅವರಿಗೆ ತೊಂದರೆ ಹೆಚ್ಚು. ಅಂಥ ಮಗುವನ್ನು ವಿಮಾನ ಹತ್ತಿಸುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ದಾವಣಗೆರೆಯಿಂದ ಮಂಡಕ್ಕಿ ಪ್ಯಾಕೆಟ್ಟನ್ನು ಬಾಯಿ ಸೀಲ್ ಮಾಡಿಸಿ ಒಯ್ದವರು ನೋಡಿರುತ್ತೀರಿ. ವಿಮಾನ ಮೇಲೇರಿದಾಗ ಅದು ದಿಂಬಿನಂತೆ ಉಬ್ಬಿ ಬಿಗಿಯಾಗುತ್ತದೆ. ಮೇಲೆ ಹಾರುವಾಗ ಕುಡಿದು ಖಾಲಿ ಮಾಡಿ ಮುಚ್ಚಳ ಬಿಗಿದ ನೀರಿನ ಬಾಟಲಿ ಕೆಳಗಿಳಿದಾಗ ತಾನಾಗಿ ನಜ್ಜಾಗುತ್ತದೆ. ಕಿವಿಗೂ ಆಗುವುದು ಇವೆರಡೇ. ಏರುವಾಗ ಉಬ್ಬಿದ ಗಾಳಿ ನಾಳವನ್ನು ತಾನೇ ತಳ್ಳಿ ಹೊರಬರುತ್ತದೆ, ಅದಕ್ಕೆ ಯಾರ ಸಹಾಯವೂ ಬೇಡ. ಇಳಿಯುವಾಗ ಹಾಗಲ್ಲ. ಹೊರಗಿನ ಒತ್ತಡ ಏರುತ್ತಿರುತ್ತದೆ, ಒಳಗಿನ ಗಾಳಿ ಕುಗ್ಗುತ್ತಿರುತ್ತದೆ, ತಮಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ನಾಳ ಇನ್ನಷ್ಟು ಅಂಟಿಕೊಳ್ಳುತ್ತದೆ. ಗಾಳಿ ಒಳಗೆ ಹೋಗಬೇಕೆಂದರೆ ಮಗು ನುಂಗಲೇಬೇಕು. ಆಗುಂಬೆ ಘಾಟಿ ಇಳಿಯುವಾಗ ಕಿವಿ ಗಡಚಿಕ್ಕಿ, ಉಗುಳು ನುಂಗಿದೊಡನೆ ಟಪ್ ಎಂದು ಬಿಡುವುದು ಇದೇ.

ಇನ್ನು ಲೆಕ್ಕ. ವಿಮಾನ ಎಷ್ಟೇ ಎತ್ತರದಲ್ಲಿ ಹಾರಿದರೂ ಒಳಗಿನ ಗಾಳಿಯನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಂತೆ ಇಟ್ಟಿರುತ್ತಾರೆ. 8,000 ಅಡಿಯಲ್ಲಿ ಒತ್ತಡ ಸುಮಾರು 565 ಮಿಲಿಮೀಟರ್ ಪಾದರಸ. ದೆಹಲಿ ನಿಲ್ದಾಣ ಇರುವುದು ಸಮುದ್ರಮಟ್ಟದಿಂದ 777 ಅಡಿ ಮೇಲೆ, ಅಲ್ಲಿ ಒತ್ತಡ ಸುಮಾರು 740. ಬೆಂಗಳೂರು ನಿಲ್ದಾಣ 3,000 ಅಡಿ, ಅಲ್ಲಿ ಸುಮಾರು 680. ಅಂದರೆ ದೆಹಲಿಗೆ ಇಳಿಯುವಾಗ ಕಿವಿ ತುಂಬಿಸಿಕೊಳ್ಳಬೇಕಾದ ವ್ಯತ್ಯಾಸ 175ರಷ್ಟು, ಬೆಂಗಳೂರಿಗೆ ಇಳಿಯುವಾಗ 115ರಷ್ಟು. ಮುಂಬೈ, ಚೆನ್ನೈ ಹೆಚ್ಚುಕಮ್ಮಿ ಕಡಲ ಮಟ್ಟದಲ್ಲಿರುವುದರಿಂದ ದೆಹಲಿಗಿಂತಲೂ ಸ್ವಲ್ಪ ಹೆಚ್ಚು. ಬೆಂಗಳೂರಿನಲ್ಲಿ ಅಳದ ಮಗು ಮುಂಬೈಯಲ್ಲಿ ಅಳಬಹುದು ಎಂಬುದನ್ನು ಮನೆಯವರು ಮೊದಲೇ ತಿಳಿದಿರಬೇಕು.

ದೊಡ್ಡವರಲ್ಲಿ ಅಳೆದು ನೋಡಿದಂತೆ, ಒಳಗೂ ಹೊರಗೂ ವ್ಯತ್ಯಾಸ ಸುಮಾರು 90 ದಾಟಿದರೆ ನಾಳ ಬೀಗ ಹಾಕಿಕೊಂಡ ಹಾಗೆ. ನುಂಗಿದರೂ ಸ್ನಾಯುವಿಗೆ ಅದನ್ನು ತೆರೆಯುವ ಶಕ್ತಿ ಸಾಲದು. ಪ್ರಯಾಣಿಕರಿರುವ ಕಡೆಯ ಗಾಳಿಯನ್ನು ನಿಮಿಷಕ್ಕೆ ಸುಮಾರು 300 ಅಡಿಯಂತೆ ಇಳಿಸುತ್ತಾರೆ ಎಂದುಕೊಂಡರೆ, ಇಳಿಯಲು ಶುರುವಾದ 13ನೇ ನಿಮಿಷಕ್ಕೆ ಆ 90 ಬಂದುಬಿಡುತ್ತದೆ. ನಿದ್ದೆಯಲ್ಲಿ ಮಗು ನುಂಗುವುದು ತೀರ ಕಡಿಮೆ. ನಮ್ಮ ಕೂಸು ಎದ್ದಿದ್ದು 14ನೇ ನಿಮಿಷಕ್ಕೆ. ಹೊಟ್ಟೆ ತುಂಬಿತ್ತು, ಬಾಗಿಲು ಬಿಗಿದಿತ್ತು, ನೆಲ ಮುಟ್ಟಲು ಇನ್ನೂ 11 ನಿಮಿಷ ಇತ್ತು. ಆಗ ಎದೆಹಾಲು ಬೇಡವೆಂದಿದ್ದು ಹಟದಿಂದಲ್ಲ. ನೋವಿನಲ್ಲಿ ಚೀಪುವುದೇ ಕಷ್ಟ.

ಅರಳೆಯ ವಿಷಯ. ಒತ್ತಡದ ತೊಂದರೆ ಇರುವುದು ತಮಟೆಯ ಹಿಂದೆ. ಮುಂದೆ ಅರಳೆ ಇಟ್ಟರೆ ಗಾಳಿ ಅದರೊಳಗಿಂದ ಹಾದೇ ಹೋಗುತ್ತದೆ, ಹಾಗಾಗಿ ಕೆಡುಕೂ ಇಲ್ಲ, ಉಪಯೋಗವೂ ಇಲ್ಲ. ಸದ್ದು ತುಸು ಕಡಿಮೆಯಾದೀತು. ಎಣ್ಣೆ ಮಾತ್ರ ಬೇಡ. ಕಿವಿ ನೋಡುವ ವೈದ್ಯರಿಗೆ ಎಣ್ಣೆ ತುಂಬಿದ ಕಿವಿಯಲ್ಲಿ ತಮಟೆ ಕಾಣುವುದಿಲ್ಲ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ನೇರ ಮಧ್ಯಕಿವಿಗೆ ಇಳಿಯುತ್ತದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಗೂ ಇದೇ ಮಾತು. ಅಜ್ಜಿಯಂದಿರ ಕೈಗೆ ಬೇರೆ ಕೆಲಸ ಕೊಡಬಹುದು, ಮುಂದೆ ಬರುತ್ತದೆ. ಬಿಸಿ ಟಿಶ್ಯೂ ಕಪ್ಪು ಇನ್ನೂ ಕೆಟ್ಟದ್ದು: ಒತ್ತಡಕ್ಕೆ ಅದರಿಂದ ಏನೂ ಆಗದು, ಬಿಸಿನೀರು ತೊಟ್ಟಿಕ್ಕಿದರೆ ಕೂಸಿನ ಚರ್ಮ ಸುಡುತ್ತದೆ.

ಎರಡನೆಯ ಪ್ರಯಾಣಕ್ಕೆ ಮಾಡಿಕೊಂಡ ಏರ್ಪಾಟು

ಸಂಕ್ರಾಂತಿಗೆ ದಾವಣಗೆರೆಗೆ ಬರುವಾಗ ಕೂಸಿಗೆ ಏಳು ತಿಂಗಳು. ರಾಗಿ ಸರಿ ಶುರುವಾಗಿತ್ತು, ಕಾಯಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕೊಡಬಹುದಿತ್ತು. ಆರು ತಿಂಗಳೊಳಗಿನ ಮಗುವಿಗೆ ನೀರು ಬೇಡ, ಸಕ್ಕರೆ ನೀರೂ ಬೇಡ. ಒಂದು ವರ್ಷದವರೆಗೆ ಜೇನುತುಪ್ಪ ನೆಕ್ಕಿಸಲೇಬಾರದು.

ಏರ್ಪಾಟಿನ ತಿರುಳು ಒಂದೇ: ಹಸಿವನ್ನು ಇಳಿಯುವ ಹೊತ್ತಿಗೆ ಉಳಿಸಿಟ್ಟುಕೊಳ್ಳುವುದು. ಈ ಕೂಸು ಎರಡೂವರೆ ಗಂಟೆಗೊಮ್ಮೆ ಹಾಲು ಕೇಳುತ್ತದೆ. ಹಾಗಾದರೆ ಹೊಟ್ಟೆ ತುಂಬ ಕುಡಿಸಬೇಕಾದ್ದು ವಿಮಾನ ಹತ್ತುವ ಮುಂಚೆ, ನಿಲ್ದಾಣದಲ್ಲಿ ಕೂತು. ಏರುವಾಗ ಮಗು ಮಲಗಿದ್ದರೆ ಮಲಗಿರಲಿ. ಎಚ್ಚರವಿದ್ದು ಕಿರಿಕಿರಿ ಮಾಡಿದರೆ ಮೂರು ನಾಲ್ಕು ನಿಮಿಷ ಒಂದೇ ಕಡೆ ಚೀಪಿಸಿದರೆ ಸಾಕು. ಹತ್ತಿದ್ದು ತಡವಾಗಿ ಮಗು ನಡುವೆಯೇ ಹಸಿದರೆ ಪೂರ್ತಿ ಊಟ ಕೊಡದೆ ಅರ್ಧಕ್ಕೆ ತಡೆಯಬೇಕು. ಇದು ಹೇಳಿದಷ್ಟು ಸುಲಭವಲ್ಲ, ಆದರೆ ಎಲ್ಲ ಫಲ ಇರುವುದು ಇಲ್ಲೇ.

ಇಳಿಯಲು ಶುರುವಾದದ್ದು ತಿಳಿಯುವುದು ಹೇಗೆ? ಸೀಟ್ ಬೆಲ್ಟ್ ಘೋಷಣೆಗೆ ಕಾದರೆ ಎಷ್ಟೋ ಸಲ ಹತ್ತು ನಿಮಿಷ ತಪ್ಪಿಹೋಗಿರುತ್ತದೆ. ಹತ್ತುವಾಗಲೇ ಸಿಬ್ಬಂದಿಗೆ ಹೇಳಿಡಿ: "ಕೆಳಗಿಳಿಯಲು ಶುರು ಮಾಡಿದಾಗ ನನಗೊಂದು ಮಾತು ಹೇಳಿ, ಪಾಪುವಿಗೆ ಹಾಲು ಕುಡಿಸಬೇಕು." ಪೈಲಟ್ ಹೇಳುವ ಇಳಿಯುವ ಸಮಯಕ್ಕಿಂತ 35 ನಿಮಿಷ ಮುಂಚಿನ ಹೊತ್ತಿಗೆ ಮೊಬೈಲಿನಲ್ಲಿ ಅಲಾರಂ ಇಡಿ. ಆಗ ಮಗುವನ್ನು ಎಬ್ಬಿಸಿ, ಡೈಪರ್ ನೋಡಿ, ಮುಖ ಒರೆಸಿ. ಎಂಜಿನ್ ಸದ್ದು ಒಮ್ಮೆಲೇ ತಗ್ಗಿ ಮೂತಿ ಕೊಂಚ ಮುಂದಕ್ಕೆ ವಾಲಿದಂತೆ ಅನಿಸಿತೇ, ನಿಮ್ಮದೇ ಕಿವಿ ಗಡಚಿಕ್ಕಿತೇ, ಅದೇ ಕ್ಷಣ ಎದೆಗೆ ಹಾಕಿಕೊಳ್ಳಿ.

ಕುಡಿಸುವ ಬಗೆಯೂ ಮುಖ್ಯ. ಏಳು ತಿಂಗಳ ಮಗು ಐದಾರು ನಿಮಿಷದಲ್ಲಿ ಒಂದು ಕಡೆಯ ಹಾಲು ಮುಗಿಸುತ್ತದೆ, ಇಳಿಯಲು ಬೇಕಾದ್ದು 25 ನಿಮಿಷ. ಹಾಗಾಗಿ ಬಿಟ್ಟು ಬಿಟ್ಟು ಕುಡಿಸಬೇಕು. ಮೂರು ನಿಮಿಷ ಚೀಪಿಸಿ, ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ಸರಿಸಿ ಬಿಡಿಸಿ, ಭುಜಕ್ಕೆ ಹಾಕಿ ತೇಗಿಸಿ, ಮತ್ತೆ ಮೂರು ನಿಮಿಷ. ಮೊದಲು ಹಾಲು ಕಡಿಮೆ ಇರುವ ಕಡೆ, ಆಮೇಲೆ ತುಂಬಿದ ಕಡೆ. ತಲೆ ಹೊಟ್ಟೆಗಿಂತ ಚೆನ್ನಾಗಿ ಮೇಲಿರಲಿ, ಅರ್ಧ ಕೂತ ಭಂಗಿ. ಅಂಗಾತ ಮಲಗಿಸಿ ಕುಡಿಸಿದರೆ ಆ ಮಟ್ಟಸ ನಾಳದೊಳಕ್ಕೆ ಹಾಲು ಜಾರುವ ಸಂಭವವಿದೆ. ಮಗುವಿನ ಬೆಲ್ಟನ್ನು ತಾಯಿಯ ಬೆಲ್ಟಿಗೆ ಸೇರಿಸಿ ಸೊಂಟಕ್ಕೆ ಹಾಕಿಕೊಂಡೇ ಹಾಲುಣಿಸಲು ಬರುತ್ತದೆ. ಏರುವ ಮುಂಚೆ ಒಮ್ಮೆ ಕೂತು ನೋಡಿಕೊಳ್ಳಿ. ಕಿಟಕಿ ಸೀಟು ಹಿಡಿಯುವುದು ಒಳ್ಳೆಯದು: ಸೆರಗಿನ ಮರೆ ಸಿಗುತ್ತದೆ, ಹಾದಿಯಲ್ಲಿ ಹೋಗುವ ತಳ್ಳುಗಾಡಿ ಕೂಸಿನ ತಲೆಗೆ ತಗಲುವುದಿಲ್ಲ.

ಎದೆಹಾಲು ಮುಗಿದ ಮೇಲೂ ನುಂಗಿಸಲು ಈ ತಾಯಿ ಒಯ್ದದ್ದು ಒಳಲೆ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಹಳೆಯ ಬೆಳ್ಳಿ ಒಳಲೆಯಲ್ಲ, ಕುದಿಸಿ ತೊಳೆಯಬಹುದಾದ ಸ್ಟೀಲಿನದು. ಬಾಟಲಿ, ನಿಪ್ಪಲ್ಲಿನ ರೂಢಿಯೇ ಇಲ್ಲದ ಮಗುವಿಗೆ ವಿಮಾನದಲ್ಲಿ ಮೊದಲ ಬಾರಿ ಅದನ್ನು ಕೊಟ್ಟರೆ ಉಗಿಯುತ್ತದೆ. ಒಳಲೆ ಅದಕ್ಕೆ ಗೊತ್ತು. ಅರ್ಧ ಮಾತ್ರ ತುಂಬಿಸಿ, ಮೂತಿಯನ್ನು ಕೆಳತುಟಿಯ ಮೂಲೆಗೆ ತಾಗಿಸಿ, ಎರಡು ಮೂರು ಮಿ.ಲೀ. ಒಳಬಿಟ್ಟು, ನುಂಗಿದ್ದನ್ನು ಕತ್ತಿನಲ್ಲಿ ಕಂಡ ಮೇಲೆ ಮುಂದಿನ ಗುಟುಕು. ಅಳುತ್ತಿರುವ ಬಾಯಿಗೆ ಸುರಿಯಬಾರದು, ನೆತ್ತಿಗೇರುತ್ತದೆ. ವಿಮಾನ ಕುಲುಕುತ್ತಿದ್ದರೆ ಒಳಲೆ ಕೆಳಗಿಟ್ಟು ತೊಳೆದ ಬೆರಳನ್ನೇ ಚೀಪಲು ಕೊಡಿ. 30 ಮಿ.ಲೀ. ನೀರು ಹತ್ತು ಹನ್ನೆರಡು ಗುಟುಕಾಗುತ್ತದೆ, ಅಷ್ಟು ಸಾಕು.

ಆರು ತಿಂಗಳೊಳಗಿನ ಮಗುವಾದರೆ ನೀರಿನ ಬದಲು ಹಿಂಡಿದ ಎದೆಹಾಲು. ಅದನ್ನು ದಾವಣಗೆರೆಯಲ್ಲಿ ಹಿಂಡಿಕೊಂಡು ಹೊರಟರೆ ಕೆಟ್ಟೀತು. 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ಗಂಟೆಯ ಲೆಕ್ಕ ಅದಕ್ಕೆ. ನಿಲ್ದಾಣದಲ್ಲೇ ಹಿಂಡಿಕೊಳ್ಳಿ. ಭದ್ರತಾ ತಪಾಸಣೆಯಲ್ಲಿ ಮಗುವಿನ ಹಾಲು, ಔಷಧಿಗೆ ಅಡ್ಡಿಯಿಲ್ಲ, ಚೀಲದಿಂದ ಹೊರತೆಗೆದು ತೋರಿಸಿದರಾಯಿತು.

ಈ ಏರ್ಪಾಟಿನಿಂದ ದೆಹಲಿ–ಬೆಂಗಳೂರು ಪ್ರಯಾಣ ಒಂದು ಕಿರುಚೂ ಇಲ್ಲದೆ ಮುಗಿಯಿತು. ಆದರೆ ಪೂರ್ತಿ ಶ್ರೇಯಸ್ಸನ್ನು ಏರ್ಪಾಟಿಗೇ ಕೊಡುವಂತಿಲ್ಲ. ಬೆಂಗಳೂರು ಎತ್ತರದ ಊರು, ಕಿವಿ ತುಂಬಿಸಿಕೊಳ್ಳಬೇಕಾದ ವ್ಯತ್ಯಾಸವೇ ಕಡಿಮೆ.

ಮೂರನೆಯದು: ನೆಗಡಿಯೊಂದಿಗೆ ದೆಹಲಿಗೆ

ಹೊರಡಲು ನಾಲ್ಕು ದಿನ ಇರುವಾಗ ಕೂಸಿಗೆ ನೆಗಡಿಯಾಯಿತು. ಮೂಗಿನ ಹಿಂದಿನ ಪೊರೆ ಊದಿಕೊಂಡರೆ ನಾಳದ ಬಾಯೂ ಊದುತ್ತದೆ, ನುಂಗಿದರೂ ತೆರೆಯಲು ಪರದಾಟ. ದಾವಣಗೆರೆಯಲ್ಲೇ ಮಕ್ಕಳ ವೈದ್ಯರ ಬಳಿ ಒಯ್ದು ಕಿವಿ ತೋರಿಸಿದರು. ತಮಟೆ ಕೆಂಪಾಗಿ ಉಬ್ಬಿದ್ದರೆ ಟಿಕೆಟ್ ಮುಂದೂಡುವುದೇ ಸರಿ ಎಂದಿತ್ತು. ಇಲ್ಲಿ ತಮಟೆ ತಿಳಿಯಾಗಿತ್ತು, ಜ್ವರ ಇರಲಿಲ್ಲ, ಹೋಗಬಹುದು ಎಂದರು.

ನೆಂಟರೊಬ್ಬರು ಮೆಡಿಕಲ್ ಶಾಪಿನಿಂದ ನೆಗಡಿ ಸಿರಪ್ ತಂದಿದ್ದರು. "ಕುಡಿಸಿದ್ರೆ ದೆಹಲಿ ಮುಟ್ಟೋವರೆಗೂ ಏಳಲ್ಲ" ಎಂದರು. ಇದು ಎರಡು ಕಾರಣಕ್ಕೆ ಬೇಡ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಎಂಬ ಎರಡು ಮದ್ದು ಸೇರಿದ ಇಂಥ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ಲಿನ ಮೇಲೆ ಅಚ್ಚು ಹಾಕಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದ್ದಾರೆ. ಎರಡನೆಯದು, ಮಂಪರು ಹಿಡಿದ ಮಗು ನುಂಗುವುದಿಲ್ಲ. ನಿದ್ದೆಗೆಂದು ಜಾಯಿಕಾಯಿ ತೇದು ನೆಕ್ಕಿಸುವುದನ್ನೂ ಇದೇ ಕಾರಣಕ್ಕೆ ಬಿಡಿ, ಹೆಚ್ಚಾದರೆ ಅದು ವಿಷವೂ ಹೌದು. ಮೂಗು ಬಿಡಿಸುವ ದೊಡ್ಡವರ ಡ್ರಾಪ್ಸನ್ನು ವೈದ್ಯರು ಬರೆದುಕೊಡದೆ ಕೂಸಿಗೆ ಹಾಕಬೇಡಿ.

ವೈದ್ಯರು ಕೊಟ್ಟದ್ದು ಸಾದಾ ಸಲೈನ್ ಮೂಗಿನ ಹನಿ. ಅಜ್ಜಿಯ ಕೈಗೆ ಬಂದ ಕೆಲಸ ಇದೇ, ನಾಲ್ಕು ದಿನವೂ ಅವರೇ ಮಾಡಿದರು. ತೊಡೆಯ ಮೇಲೆ ಅಂಗಾತ ಮಲಗಿಸಿ, ಭುಜದ ಕೆಳಗೆ ಮಡಿಸಿದ ಟವೆಲ್ ಇಟ್ಟು, ಒಂದೊಂದು ಹೊಳ್ಳೆಗೆ ಎರಡೆರಡು ಹನಿ. ಒಂದು ನಿಮಿಷ ಕಾಯುವುದು. ರಬ್ಬರ್ ಬಲ್ಬನ್ನು ಮೊದಲು ಅದುಮಿ ಹಿಡಿದು, ತುದಿಯನ್ನು ಹೊಳ್ಳೆಯ ಬಾಯಿಗಷ್ಟೇ ತಾಗಿಸಿ, ಮೆಲ್ಲಗೆ ಬಿಡುವುದು. ಒಳಗೆ ಇಟ್ಟ ಮೇಲೆ ಅದುಮಿದರೆ ಸಿಂಬಳ ಹಿಂದಕ್ಕೇ ಹೋಗುತ್ತದೆ. ದಿನಕ್ಕೆ ಮೂರ್ನಾಲ್ಕು ಸಲಕ್ಕಿಂತ ಹೆಚ್ಚು ಎಳೆದರೆ ಪೊರೆ ಗಾಯಗೊಂಡು ಇನ್ನಷ್ಟು ಊದುತ್ತದೆ. ಪ್ರಯಾಣದ ದಿನ ಒಂದು ಸಲ ನಿಲ್ದಾಣದಲ್ಲಿ, ಇನ್ನೊಂದು ಸಲ ಇಳಿಯಲು ಶುರುವಾಗುವ ಹತ್ತು ನಿಮಿಷ ಮುಂಚೆ.

ನೋವಾದರೆ ಕೊಡಲು ಪ್ಯಾರಾಸಿಟಮಾಲನ್ನೂ ಬರೆದುಕೊಟ್ಟರು: ಕಿಲೋಗೆ 15 ಮಿ.ಗ್ರಾಂ. ಲೆಕ್ಕದಲ್ಲಿ 7 ಕಿಲೋ ಮಗುವಿಗೆ 105 ಮಿ.ಗ್ರಾಂ. ಇಲ್ಲಿ ಮನೆಗಳಲ್ಲಿ ನಡೆಯುವ ಅಪಾಯದ ತಪ್ಪೊಂದಿದೆ. ಡ್ರಾಪ್ಸ್ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ, ಸಿರಪ್ಪಿನಲ್ಲಿ 5 ಮಿ.ಲೀ.ಗೆ 125. ಈ ಕೂಸಿಗೆ ಡ್ರಾಪ್ಸ್ ಆದರೆ 1 ಮಿ.ಲೀ., ಸಿರಪ್ ಆದರೆ 4 ಮಿ.ಲೀ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಒಳಹೋಯಿತು. ಬಾಟಲಿಯ ಮೇಲೆ ಪೆನ್ನಿನಿಂದ ಮಿ.ಲೀ. ಬರೆದೇ ಚೀಲಕ್ಕೆ ಹಾಕಿ. ಇದು ನೋವಿಗೆ ಮಾತ್ರ. ನಾಳ ತೆರೆಯುವ ಶಕ್ತಿ ಇದಕ್ಕಿಲ್ಲ.

ದೆಹಲಿಯಲ್ಲಿ ಮಂಜು. ತಾಯಿ ಎಬ್ಬಿಸಿ, ಮೂಗು ಬಿಡಿಸಿ, ಎಂಜಿನ್ ಸದ್ದು ತಗ್ಗಿದೊಡನೆ ಹಾಲಿಗೆ ಹಾಕಿಕೊಂಡರು. ಎಂಟು ನಿಮಿಷಕ್ಕೆ ಸದ್ದು ಮತ್ತೆ ಏರಿತು, ಕಿಟಕಿಯಾಚೆಯ ದೀಪಗಳು ಸುತ್ತತೊಡಗಿದವು. ಇಳಿಯಲು ಸರದಿ ಸಿಗದೆ ವಿಮಾನ ಒಂದೇ ಎತ್ತರದಲ್ಲಿ ಸುತ್ತು ಹಾಕುತ್ತಿತ್ತು. ಹೀಗೆ ಸುತ್ತುವಾಗ ಒತ್ತಡ ಹೆಚ್ಚುಕಮ್ಮಿ ಬದಲಾಗುವುದಿಲ್ಲ. ಇಲ್ಲಿ ಕುಡಿಸುತ್ತಲೇ ಹೋದರೆ ಹೊಟ್ಟೆ ತುಂಬಿ, ನಿಜವಾದ ಇಳಿಕೆಗೆ ಏನೂ ಉಳಿಯದು. ಆಕೆ ಹಾಲು ಬಿಡಿಸಿ, ಭುಜಕ್ಕೆ ಹಾಕಿ, ಕಿಟಕಿ ತೋರಿಸಿ ಕಾಲ ತಳ್ಳಿದರು. ಸದ್ದು ಮತ್ತೆ ತಗ್ಗಿದಾಗ ತುಂಬಿದ ಕಡೆಗೆ ಹಾಕಿಕೊಂಡರು. ನೆಲಕ್ಕೆ ಏಳೆಂಟು ನಿಮಿಷ ಇರುವಾಗ ಕೂಸು ಮುಖ ಸಿಂಡರಿಸಿ ಅತ್ತಿತು. ಅಳುವುದೂ ಒಂದು ಬಗೆಯಲ್ಲಿ ಮದ್ದೇ. ಬಾಯಿ ಅಗಲಿಸಿ, ಬಿಕ್ಕಿ, ಉಗುಳು ನುಂಗುವಾಗ ನಾಳ ತೆರೆದುಕೊಳ್ಳುತ್ತದೆ. ಅಕ್ಕಪಕ್ಕದವರ ಮುಖ ನೋಡಿ ಯಾವ ತಾಯಿಯೂ ಕುಗ್ಗಬೇಕಿಲ್ಲ. ಬಿಕ್ಕು ನಿಂತೊಡನೆ ಒಳಲೆಯ ನೀರು, ಗುಟುಕು ಗುಟುಕು. ಪ್ಯಾರಾಸಿಟಮಾಲ್ ಬೇಕಾಗಲಿಲ್ಲ.

ಇಳಿದ ಮೇಲೆ ನೋಡಿಕೊಳ್ಳಬೇಕಾದ್ದನ್ನು ವೈದ್ಯರು ಮೊದಲೇ ಹೇಳಿದ್ದರು. ಕೆಲವು ಗಂಟೆ ಕಳೆದರೂ ನಿಲ್ಲದ ಅಳು, ಕಿವಿಯಿಂದ ರಕ್ತ ಅಥವಾ ಕೀವು, 100.4 ಫ್ಯಾರನ್‌ಹೀಟ್ ದಾಟಿದ ಜ್ವರ, ಹಾಲು ಬಿಡುವುದು, ಮತ್ತೆ ಮತ್ತೆ ವಾಂತಿ, ಕರೆದರೆ ತಿರುಗದಿರುವುದು: ಇವುಗಳಲ್ಲಿ ಒಂದು ಕಂಡರೂ ಅಂದೇ ವೈದ್ಯರಲ್ಲಿಗೆ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಗಂಟೆಯನ್ನೂ ಕಾಯುವಂತಿಲ್ಲ.

ಸಾಮಾನು ಬರುವ ಬೆಲ್ಟಿನ ಹತ್ತಿರ ನಿಂತಿರುವಾಗ ದಾವಣಗೆರೆಯಿಂದ ಫೋನ್ ಬಂತು.

"ಕೂಸು ಅತ್ತಿತೇನವ್ವ?"

"ಎರಡು ನಿಮಿಷ ಅಷ್ಟೇ, ಅವ್ವ. ಆಮೇಲೆ ಒಂದು ದೊಡ್ಡ ಆಕಳಿಕೆ ತೆಗೀತು, ಸುಮ್ಮನಾಯ್ತು."